ಹೊನವಾಡ ಬಸ್ಸಿನ ಅಕ್ಷರ

ಬ್ಯಾನರ್ ಕಂಡರೆ ನನಗೆ ಹೇಸಿಗೆ. ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯಿಂದ ಹೊರಟು ತಿಕೋಟಾ ಮುಟ್ಟುವಷ್ಟರಲ್ಲಿ ಕಂಬಕ್ಕೊಂದು ಮುಖ, ಮುಖಕ್ಕೊಂದು ಕರಿ ಕನ್ನಡಕ, ಅದರ ಕೆಳಗೆ ದಪ್ಪ ದಪ್ಪ ಅಕ್ಷರದಲ್ಲಿ ಹುಟ್ಟುಹಬ್ಬದ ಶುಭಾಶಯ. ಮುಖಗಳನ್ನು ಹೇಗೋ ಸಹಿಸಬಹುದು. ಅಕ್ಷರವನ್ನು ಸಹಿಸಲಾರೆ, ಯಾಕೆಂದರೆ ಅದನ್ನು ಮಾಡಿದವನು ನಾನು.

ಮಾಡಿದ್ದು ನನ್ನ ಅಕ್ಕನಿಗಾಗಿ. ಅವಳನ್ನು ಹೊನವಾಡಕ್ಕೆ ಕೊಟ್ಟಿದೆ. ತಿಕೋಟಾದ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂತು. ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದರು ಡಾಕ್ಟರು. ಒಲೆ, ಪಾತ್ರೆ, ಉಪ್ಪಿನ ಡಬ್ಬಿ ಎಲ್ಲ ಅವಳ ಕೈಗೇ ಗೊತ್ತು. ಅವಳನ್ನು ಕಾಡಿದ್ದು ಬಸ್ಸು. ಒಂದು ಸಂಜೆ ಯಾರನ್ನೋ ಕೇಳಿ ಹತ್ತಿದವಳು ಹೋಗಿ ಇಳಿದದ್ದು ಬಬಲೇಶ್ವರದಲ್ಲಿ. ಅವತ್ತು ಭಾವ ಖಡಕ್ಕಾಗಿ ಹೇಳಿಬಿಟ್ಟರು: "ಇನ್ನೊಮ್ಮೆ ಹಿಂಗಾತಂದ್ರ ಕೆಲಸ ಬಿಟ್ಟು ಮನ್ಯಾಗ ಕುಂದರ್ತಿ ನೋಡು." ಅಕ್ಕನಿಗೆ ಹಾಸ್ಟೆಲಿನ ಆ ಅಡುಗೆಮನೆ ಎಂದರೆ ಜೀವ. ಅಲ್ಲಿ ಅವಳ ಮಾತು ನಡೆಯುತ್ತದೆ. ಮನೆಯಲ್ಲಿ ಅದು ನಡೆದದ್ದನ್ನು ನಾನಂತೂ ಕಂಡಿಲ್ಲ.

ನಾನು ಲಗ್ನಪತ್ರಿಕೆ, ಅಂಗಡಿ ಬೋರ್ಡು, ಒಣದ್ರಾಕ್ಷಿ ಡಬ್ಬಿ ಇವಕ್ಕೆಲ್ಲ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ ಹೊಟ್ಟೆ ಹೊರೆಯುವವನು. ಬಸ್ಸಿನ ಮುಂಗಾಜಿನ ಹಿಂದೆ ನಿಲ್ಲಿಸುವ ತಗಡಿನ ಬೋರ್ಡಿಗೆಂದೇ ಒಂದು ಅಕ್ಷರ, ಅಂದರೆ ಫಾಂಟು, ಮಾಡಲು ಕುಳಿತೆ. ತಲೆಕಟ್ಟನ್ನು ಹಾಸುಗಲ್ಲಿನ ಹಾಗೆ ಚೌಕ ಮಾಡಿ, ಅಕ್ಷರದ ಮೈಯಷ್ಟೇ ದಪ್ಪ ಇಟ್ಟೆ. ಮಂಜುಗಣ್ಣಿಗೆ ಮೊದಲು ಹತ್ತುವುದು ಅದೇ. ಆದರೆ ದಪ್ಪ ಮಾಡುತ್ತ ಹೋದರೆ ಒಳಗಿನ ಬಯಲು ಮುಚ್ಚಿಹೋಗಿ ನ, ವ, ಡ ಎಲ್ಲವೂ ಒಂದೇ ಕರಿ ಗುಂಡು. ಹೊರಗೆ ಕೊಬ್ಬಿಸಬೇಕು, ಒಳಗೆ ಗಾಳಿ ಬಿಡಬೇಕು. 'ಜ'ಕ್ಕಂತೂ ತಲೆಕಟ್ಟೇ ಇಲ್ಲ. ವಿಜಯಪುರ ಎಂದು ಬರೆದರೆ ರುಮಾಲು ಸುತ್ತಿದವರ ನಡುವೆ ಒಬ್ಬ ಬರಿತಲೆಯಲ್ಲಿ ಕುಂತ ಹಾಗೆ ಕಾಣುತ್ತಿತ್ತು. ಅದರ ತುದಿಗಳನ್ನೇ ಚೌಕವಾಗಿ ಕತ್ತರಿಸಿ ಸಮಾಧಾನ ಮಾಡಿಕೊಂಡೆ. ಪ್ರತಿ ಸಲ ಹಾಳೆಯನ್ನು ಗೋಡೆಗೆ ಹಚ್ಚಿ, ಅಕ್ಕನನ್ನು ಅಂಗಳದ ಆ ತುದಿಗೆ ನಿಲ್ಲಿಸುತ್ತಿದ್ದೆ.

"ಡ ಇನ್ನಾ ಕುಂಬಳಕಾಯಿ ಕಂಡಂಗ ಕಾಣಾಕತ್ತೈತಿ," ಅನ್ನುತ್ತಿದ್ದಳು.

ತಿದ್ದುತ್ತಿದ್ದೆ. ಕೊನೆಗೊಂದು ದಿನ ಆ ತುದಿಯಿಂದಲೇ "ಹೊನವಾಡ" ಎಂದು ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ಬಸ್ಸಿನ ಡ್ರೈವರು ಅವಳ ಓಣಿಯವನೇ, ಬೋರ್ಡನ್ನು ಖುಷಿಯಿಂದಲೇ ಇಟ್ಟುಕೊಂಡ. ಆಮೇಲೆ ಅಕ್ಕ ಯಾರನ್ನೂ ಕೇಳಲಿಲ್ಲ.

ಬೋರ್ಡಿಗೆ ಸ್ಟಿಕರ್ ಕತ್ತರಿಸಿಕೊಟ್ಟವನು ವಿಜಯಪುರದ ಒಬ್ಬ ಫ್ಲೆಕ್ಸ್ ಅಂಗಡಿಯವನು. ಅಕ್ಷರ ಅವನ ಕಂಪ್ಯೂಟರಿನಲ್ಲಿ ಉಳಿಯಿತು. ಉಳಿಯಿತು ಅನ್ನುವುದೇನು ಬಂತು, ಉಳಿಸಿಕೊಂಡ. ಈ ಅಂಗಡಿಗಳಲ್ಲಿ ಯಾರೂ ಬ್ಯಾನರನ್ನು ಹೊಸದಾಗಿ ಮಾಡುವುದಿಲ್ಲ. ಹಳೇದನ್ನು ತೆಗೆದು ಮುಖ ಬದಲಿಸು, ಹೆಸರು ಬದಲಿಸು. ಹೆಸರು ಚಿಕ್ಕದಾದರೆ ಎರಡೂ ಕಡೆ ಹಿಡಿದು ಜಗ್ಗು, ಉದ್ದವಾದರೆ ಹಿಂಡು. ನಾನು ಕೂದಲೆಳೆ ಲೆಕ್ಕದಲ್ಲಿ ಸರಿಮಾಡಿದ ತಲೆಕಟ್ಟನ್ನು ಹಾಗೆ ಜಗ್ಗಿ ಸೊಟ್ಟ ಮಾಡಿದರು. ಮೇಲೆ ಹಳದಿ ಅಂಚು, ಅದರ ಸುತ್ತ ಕೆಂಪು ಅಂಚು, ಅದರ ಹಿಂದೆ ಕರಿ ನೆರಳು, ಹೊಟ್ಟೆಯೊಳಗೆ ಬಂಗಾರದ ಮಿಂಚು. ಉಂಡ ಎಲೆಯ ಮೇಲೆ ಮತ್ತೆ ಬಡಿಸಿದ ಹಾಗೆ, ನೋಡಿದರೇ ವಾಕರಿಕೆ.

"ಏನ್ರಿ ಇದು ಹೇಸಿಗಿ?" ಎಂದು ಅಂಗಡಿಗೇ ಹೋಗಿ ಕೇಳಿದೆ.

ಅವನು ಹಲ್ಲು ಕಿಸಿದ. "ಸರ, ಲೀಡರ್ ಮಂದಿಗಿ ಇದಽ ಬೇಕ್ರಿ. ಆ ಬಸ್ ಬೋರ್ಡಿನ ಅಕ್ಷರ ಹಾಕು, ನನ್ನ ಹೆಸರು ಕುರುಡಗೂ ಕಾಣಬೇಕು ಅಂತಾರ."

ನಾಲಿಗೆ ತುದಿಗೆ ಬಂದ ಬೈಗುಳ ನುಂಗಿಕೊಂಡು ಹೊರಗೆ ಬಂದೆ. ಆ ಮಾತು ಮಾತ್ರ ಬಾಯಲ್ಲಿ ಕಹಿಯಾಗಿ ಉಳಿಯಿತು.

ಮೊನ್ನೆ ಸಂಜೆ ಅಕ್ಕನನ್ನು ಕಾಣಲು ಬೈಕಿನಲ್ಲಿ ತಿಕೋಟಾಕ್ಕೆ ಹೋದೆ. ಬಸ್ಸು ನಿಲ್ಲುವ ಜಾಗದಲ್ಲಿ ಬಿದಿರಿನ ಗಳ ನೆಟ್ಟು, ರಸ್ತೆಯೇ ಕಾಣದ ಹಾಗೆ ಎರಡಾಳೆತ್ತರದ ಬ್ಯಾನರ್ ಕಟ್ಟಿದ್ದರು. ಯಾರದೋ ಹುಟ್ಟುಹಬ್ಬ. ಹೆಸರನ್ನು ಇಲ್ಲಿ ಬರೆಯಲಾರೆ, ನನ್ನ ಅಕ್ಷರದಿಂದ ಅವನಿಗೆ ಆದ ಉಪಕಾರ ಸಾಕು. ನಾನು ಬೈಕ್ ನಿಲ್ಲಿಸುವ ಹೊತ್ತಿಗೆ ಬ್ಯಾನರಿನ ಆಚೆಯಿಂದ ಹೊನವಾಡ ಬಸ್ಸು ಹೊರಟು ಹೋಗುತ್ತಿತ್ತು. ಗಳಗಳಿಂದಾಗಿ ಅದು ಎಂದಿನ ಜಾಗಕ್ಕೆ ಬಾರದೆ ಅತ್ತ ಕಡೆಯೇ ನಿಂತಿತ್ತು. ಇತ್ತ ಕಡೆ ಅಕ್ಕ ಬುತ್ತಿ ಚೀಲ ಹಿಡಿದು ಕಾಯುತ್ತಲೇ ಇದ್ದಳು.

"ಅಕ್ಕಾ, ಬಸ್ ಹೋತಲ್ಲಬೇ!"

"ಹೌದಾ? ಬೋರ್ಡು ಕಾಣಲಿಲ್ಲೋ ಯಪ್ಪಾ," ಅಂದಳು. ಮುಖ ಸಣ್ಣದಾಯಿತು.

ನಾನು ಬೈಕಿನಲ್ಲಿ ಬಿಡುತ್ತೇನೆ ಎನ್ನುವಷ್ಟರಲ್ಲಿ ಭಾವನ ಫೋನು. ಡ್ರೈವರು ಅಕ್ಕ ಬಂದಿಲ್ಲವೆಂದು ಆಗಲೇ ಅವರಿಗೆ ತಿಳಿಸಿದ್ದ, ಪಾಪ, ಕಾಳಜಿಯಿಂದಲೇ. ಅವರ ದನಿ ನನಗೂ ಕೇಳಿಸಿತು. "ಸಾಕ ಮಾಡು ಇನ್ನ. ನಾಳಿಂದ ಬ್ಯಾಡ." ಅಕ್ಕ ಫೋನನ್ನು ಚೀಲದೊಳಗೆ ಇಟ್ಟಳು.

ನನಗೆ ತಲೆ ಕೆಟ್ಟುಹೋಯಿತು. ಆ ಬಂಗಾರದ ಮೋರೆಯನ್ನು ಹರಿದು ಚಿಂದಿ ಮಾಡುತ್ತೇನೆಂದು ನುಗ್ಗಿ ಬ್ಯಾನರಿನ ಮೂಲೆ ಹಿಡಿದು ಜಗ್ಗಿದೆ. ಅಕ್ಕ ತಡವರಿಸುತ್ತ ಬಂದು ನನ್ನ ರಟ್ಟೆ ಹಿಡಿದಳು.

"ಹರೀಬ್ಯಾಡೋ ತಮ್ಮಾ," ಅಂದಳು. "ಈ ಊರಾಗ ನನಗ ಓದಾಕ ಬರೋದು ಇದೊಂದಽ ಐತಿ."