ಬಾಡಿಗೆ ಇಲ್ಲದ ಕೋಣೆ

ಸಿಡ್ನಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸುಮಾರು ಒಂದು ವರ್ಷ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ ಇದ್ದ. ಇಪ್ಪತ್ತನಾಲ್ಕರ ವಯಸ್ಸು, ಮೆಲ್ಬರ್ನ್‌ನವನು, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುತ್ತಿದ್ದ. ಇಷ್ಟು ವಿನಯದ ಮನುಷ್ಯನನ್ನು ತಾವು ನೋಡೇ ಇಲ್ಲ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಎರಡು ಸಾವಿರದ ದಶಕದ ಮೊದಲ ವರ್ಷಗಳವು. ನಾನು ಸಿಡ್ನಿಯ ನಾರ್ವೆಸ್ಟ್ ಬಡಾವಣೆಯ ಒಂದು ಕಂಪನಿಯಲ್ಲಿದ್ದೆ, ನಮ್ಮ ವೀಸಾ ಕೊಡಿಸಿದ್ದೂ ಅದೇ. ಕಂಪನಿ ಅವನ ತಂಡದ ಪ್ರಾಯೋಜಕರಲ್ಲಿ ಒಂದು. ಹೊಸ ಆಟಗಾರನಿಗೆ ಯಾರ ಮನೆಯಲ್ಲಾದರೂ ಬಾಡಿಗೆಗೆ ಕೋಣೆ ಸಿಗುತ್ತದೆಯೇ ಎಂದು ಆಫೀಸಿನಲ್ಲಿ ಕೇಳಿದಾಗ ಮೊದಲು ಕೈ ಎತ್ತಿದವಳು ನಾನೇ.

ಮೊದಲ ತಿಂಗಳ ಕೊನೆಗೆ ಅವನು ದುಡ್ಡಿನ ಲಕೋಟೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ಅಷ್ಟರಲ್ಲಿ ನನ್ನ ಕೈಯ ಚಪಾತಿ ಒಂದೇ ಸಲಕ್ಕೆ ಒಂಬತ್ತು ತಿಂದು ತೋರಿಸಿದ್ದ. ಮಗಳಿಗೆ ಹಿತ್ತಲಲ್ಲಿ ಚೆಂಡು ಪುಟಿಸುವುದನ್ನು ಕಲಿಸಿದ್ದ. ಲಕೋಟೆ ನೋಡಿ ನನಗೆ ಸಿಟ್ಟು ಬಂತು.

“ಇದೇನು ಹೋಟೆಲ್ ಅಂದ್ಕೊಂಡಿದ್ದೀಯಾ? ಒಳಗಿಡು” ಎಂದೆ.

“ತಗೊಳ್ಳಲೇಬೇಕು ಆಂಟಿ. ರೂಲ್ ಇದೆ” ಎಂದ. ಅವನು ಆಡುತ್ತಿದ್ದುದೆಲ್ಲ ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅವನು ಕನ್ನಡದಲ್ಲೇ ಮಾತಾಡುತ್ತಾನೆ. ‘ಆಂಟಿ’ಯನ್ನು ಮಗಳ ಗೆಳತಿಯರಿಂದ ಕಲಿತಿದ್ದ.

ಊಟಕ್ಕೆ ಕೂತಾಗ ಆ ರೂಲ್ ವಿವರಿಸಿದ. ಒಂದು ತಂಡ ತನ್ನ ಆಟಗಾರರೆಲ್ಲರಿಗೂ ಸೇರಿಸಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಎಂಬ ಮಿತಿ ಇತ್ತು. ಅದಕ್ಕೆ ಸ್ಯಾಲರಿ ಕ್ಯಾಪ್ ಎನ್ನುತ್ತಿದ್ದರು. ದುಡ್ಡಿರುವ ತಂಡವೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಎಂಬ ಉದ್ದೇಶ. ಆದರೆ ಇಬ್ಬರು ಮೂವರು ದೊಡ್ಡ ಆಟಗಾರರು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದರಲ್ಲೇ ಬೆಂಚಿನ ಕೊನೆಯವರನ್ನು ಹೊಂದಿಸಬೇಕು. ಮೆಲ್ಬರ್ನ್‌ನ ಅವನ ಹಳೆಯ ತಂಡ ಒಂದು ವರ್ಷ ಚೆನ್ನಾಗಿ ಆಡಿತಂತೆ. ಚೆನ್ನಾಗಿ ಆಡಿದವರು ಹೆಚ್ಚು ಕೇಳಿದರು, ಅವರನ್ನು ಉಳಿಸಿಕೊಳ್ಳಲು ಇವನನ್ನು ಬಿಟ್ಟರು. ತಂಡ ಗೆದ್ದದ್ದಕ್ಕೇ ಕೆಲಸ ಕಳೆದುಕೊಂಡವನು ಅವನು. ಇಲ್ಲಿಯೂ ಅವನದು ಪಟ್ಟಿಯ ಕೊನೆಯ ಹೆಸರು, ತಂಡದ ಲೆಕ್ಕ ಮಿತಿಗೆ ತಾಗಿಕೊಂಡೇ ಇತ್ತು. ಪ್ರಾಯೋಜಕರ ಕಡೆಯವರು ಪುಕ್ಕಟೆಯಾಗಿ ಮನೆ ಕೊಟ್ಟರೂ ಕಾರು ಕೊಟ್ಟರೂ ಅದನ್ನು ಸಂಬಳಕ್ಕೇ ಸೇರಿಸುತ್ತಾರೆ, ನೀವು ಆ ಕಡೆಯವರೇ ಎಂದ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದನ್ನೇ ರೂಲ್ ಮಾಡಿದ್ದಾರೆ, ಅಷ್ಟೇ” ಎಂದರು ನನ್ನ ಗಂಡ. ನಮ್ಮ ಮಂಚದಾಚೆ ಒಂದು ಮೊಳ ಕಾಲು ಚಾಚಿ ಮಲಗುತ್ತಿದ್ದವನಿಗೆ ನಾನು ಆ ಗಾದೆಯ ಅರ್ಥ ಹೇಳಿದೆ. ಮೂವರೂ ನಕ್ಕೆವು. ಲಕೋಟೆಯನ್ನು ಮಾತ್ರ ನಾನು ಮುಟ್ಟಲಿಲ್ಲ. ಅವನು ಪ್ರತಿ ತಿಂಗಳೂ ತಂದ, ನಾನು ಪ್ರತಿ ತಿಂಗಳೂ ಬೈದು ಕಳಿಸಿದೆ. ಬೈಯುವುದರಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ. ಶನಿವಾರ ಮನೆಗೆ ಬರುತ್ತಿದ್ದ ಕನ್ನಡದವರೆದುರು “ಅವನಿಂದ ಒಂದು ಸೆಂಟೂ ಮುಟ್ಟಿಲ್ಲಪ್ಪ” ಎನ್ನುವುದರಲ್ಲಿ ಇನ್ನೂ ಹೆಚ್ಚಿನ ಸುಖ.

ಸೀಸನ್ ಮುಗಿಯುತ್ತ ಬಂದಾಗ ದೊಡ್ಡ ಆಟಗಾರನೊಬ್ಬನ ಮೊಣಕಾಲಿಗೆ ಪೆಟ್ಟಾಗಿ ಇವನಿಗೆ ಆಡುವ ಅವಕಾಶ ಸಿಕ್ಕಿತು. ಚೆನ್ನಾಗಿಯೇ ಆಡಿದ. ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತೇವೆ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರು. ಅವನಿಗೆ ಬೇಕಿದ್ದುದು ಅಷ್ಟೇ, ಇನ್ನೊಂದು ವರ್ಷ.

ಅದೇ ದಿನಗಳಲ್ಲಿ ತಂಡಗಳ ಲೆಕ್ಕ ತಪಾಸಣೆ ಮಾಡುವವರಿಂದ ನನಗೊಂದು ಫಾರಂ ಬಂತು. ಈ ಆಟಗಾರನಿಂದ ನೀವು ವಾರಕ್ಕೆ ಎಷ್ಟು ರೆಂಟ್ ಪಡೆಯುತ್ತೀರಿ?

“ಈಗ್ಲಾದ್ರೂ ಅವ್ನ ಹತ್ರ ದುಡ್ಡು ಇಸ್ಕೊ. ಹಿಂದಿಂದೆಲ್ಲ ಸೇರಿಸಿ ಇಸ್ಕೊಂಡು ರಿಸೀಟ್ ಕೊಡು. ಆಮೇಲೆ ಫಾರಂ ಫಿಲ್ ಮಾಡು” ಎಂದರು ಗಂಡ.

“ಇಷ್ಟು ದಿನ ಊಟ ಹಾಕಿ ಈಗ ಬಿಲ್ ಕೊಡ್ಲಾ?” ಎಂದೆ.

ಸೊನ್ನೆ ಬರೆದೆ. ಸಾಲದೆಂದು ಕೆಳಗೊಂದು ಸಾಲು ಸೇರಿಸಿದೆ: ಅವನು ನಮ್ಮ ಅತಿಥಿ, ಅತಿಥಿಯಿಂದ ಹಣ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಸತ್ಯವನ್ನೇ ಬರೆದೆನಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. ಬರೆಯುವಾಗ ನನಗೆ ಸತ್ಯದ ಚಿಂತೆ ಇರಲಿಲ್ಲ, ಮೆರೆಯುವ ಚಟವಿತ್ತು.

ನಮ್ಮ ಕೋಣೆ, ನಮ್ಮ ಊಟ ಎರಡಕ್ಕೂ ಬೆಲೆ ಕಟ್ಟಿ ಸೇರಿಸಿದಾಗ ತಂಡ ಮಿತಿ ಮೀರಿತ್ತು. ಯಾರನ್ನಾದರೂ ಬಿಡಬೇಕಾಯಿತು. ಗೆಲ್ಲಿಸುವವರನ್ನು ಯಾರು ಬಿಡುತ್ತಾರೆ? ಪಟ್ಟಿಯ ಕೊನೆಯ ಹೆಸರು ಹೊಡೆದುಹಾಕಿದರು. ಆ ಸಂಜೆ ಅವನು ಮನೆಗೆ ಬಂದು “ಬಿಟ್ರು ಆಂಟಿ” ಎಂದಷ್ಟೇ ಹೇಳಿ ಊಟಕ್ಕೆ ಕೂತ. ನನ್ನ ಫಾರಂ ವಿಷಯ ಅವನಿಗೆ ಗೊತ್ತಿಲ್ಲ ಎಂದುಕೊಂಡೆ. ಹೇಳಬೇಕಿತ್ತು, ಬಾಯಿ ಬರಲಿಲ್ಲ. ದಾರಿಗೆಂದು ಚಪಾತಿ ಕಟ್ಟಿಕೊಟ್ಟು ಮೆಲ್ಬರ್ನ್‌ಗೆ ಕಳಿಸಿದೆ. ಅಷ್ಟು ಹೊತ್ತಿಗೆ ಉಳಿದ ತಂಡಗಳ ಪಟ್ಟಿಗಳೂ ತುಂಬಿದ್ದವು. ಅವನು ಮತ್ತೆ ಯಾವ ತಂಡಕ್ಕೂ ಆಡಲಿಲ್ಲ.

ಕೆಲವು ವರ್ಷಗಳ ಮೇಲೆ ನಮಗೆ ಪಿಆರ್, ಅಂದರೆ ಆ ದೇಶದಲ್ಲಿ ಕಾಯಂ ಆಗಿ ಇರುವ ಅನುಮತಿ, ಬಂತು, ಕೆಲಸ ಬದಲಾಯಿಸಿ ನಾವೂ ಮೆಲ್ಬರ್ನ್‌ಗೆ ಹೋದೆವು. ಡಾಕ್‌ಲ್ಯಾಂಡ್ಸ್‌ಗೆ ಹೋಗುವ ಟ್ರಾಮಿನಲ್ಲಿ ಒಂದು ಬೆಳಗ್ಗೆ ಎಲ್ಲರ ತಲೆಗಳ ಮೇಲೆ ಅವನ ತಲೆ ಕಂಡಿತು. ಬ್ಯಾಂಕೊಂದರಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸದಲ್ಲಿದ್ದ. ಇಬ್ಬರೂ ಇಳಿದು ಕಾಫಿಗೆ ಕೂತೆವು. ಆ ದಿನ ಹೇಳಿಬಿಟ್ಟೆ, ನಿನ್ನ ಆಟ ಕೆಡಿಸಿದವಳು ನಾನು ಎಂದು.

“ಗೊತ್ತು ಆಂಟಿ. ಮ್ಯಾನೇಜರ್ ನಿಮ್ಮ ಫಾರಂ ತಂದು ನನ್ನ ಮುಂದೆ ಇಟ್ಟಿದ್ರು. ‘ನಾನು ರೆಂಟ್ ಕ್ಯಾಶಲ್ಲಿ ಕೊಡ್ತಿದ್ದೆ, ಆಕೆ ಸುಳ್ಳು ಬರೆದಿದ್ದಾರೆ ಅಂತ ಸೈನ್ ಹಾಕು, ಉಳಿಸ್ಕೊಳ್ತೀವಿ’ ಅಂದ್ರು.”

“ಹಾಕ್ಬೇಕಿತ್ತು ಕಣೋ.”

“ಸುಳ್ಳು ಲೆಕ್ಕ ಬರೆದವರನ್ನ ನಿಮ್ಮ ಕಂಪನಿ ಇಟ್ಕೊಳ್ತಿತ್ತಾ? ಆಗ ನಿಮ್ಮ ವೀಸಾ ಕಂಪನಿ ಕೈಲಿತ್ತು. ಕೆಲಸ ಹೋಗಿದ್ರೆ ಮೂರೂ ಜನ ವಾಪಸ್ ಹೋಗ್ಬೇಕಿತ್ತಲ್ಲ” ಎಂದ.

ಗಡಿಯಾರ ನೋಡಿ, ತಡವಾಯಿತು ಎಂದು ಎದ್ದು ಹೋದ. ನಾನು ಅಲ್ಲೇ ಕೂತಿದ್ದೆ. ನಾಲ್ಕು ಚಪಾತಿ ಹಾಕಿದ್ದನ್ನು ನಾನು ಸಿಡ್ನಿಯ ಕನ್ನಡದವರಿಗೆಲ್ಲ ಹೇಳಿಕೊಂಡು ತಿರುಗಿದವಳು. ನನಗಾಗಿ ಅವನು ಆಟವನ್ನೇ ಬಿಟ್ಟುಕೊಟ್ಟಿದ್ದ, ಮತ್ತು ನಾನಾಗಿ ಬಾಯಿಬಿಡದಿದ್ದರೆ ಅದನ್ನು ನನಗೂ ಹೇಳುತ್ತಿರಲಿಲ್ಲ.