ಬಾಂದ್ರಾದ ನೀಲಿ

ಹೋದ ಭಾನುವಾರ ಬ್ಯಾಗಿನಲ್ಲಿ ಬೂದು ಬಣ್ಣದ ಟ್ಯೂಬ್ ಬಚ್ಚಿಟ್ಟುಕೊಂಡು ಮಲಾಡ್‌ನಲ್ಲಿ ಲೋಕಲ್ ರೈಲು ಹತ್ತಿದೆ. ಬಾಂದ್ರಾದ ಒಬ್ಬರ ಮನೆ ಗೋಡೆಯ ಮೇಲಿನ ಚಿತ್ರಕ್ಕೆ ಕದ್ದು ಬಣ್ಣ ಬಳಿಯಲು. ಈ ವಯಸ್ಸಿನಲ್ಲಿ!

ಮೊಮ್ಮಕ್ಕಳೇ, ಇದೆಲ್ಲ ನಿಮ್ಮ ಅಜ್ಜನ ಉಸಾಬರಿ. ಅವರು ಬಿಡಿಸುತ್ತಿದ್ದುದು ಮರವಲ್ಲ, ಮನುಷ್ಯರಲ್ಲ; ಬರೀ ಬಣ್ಣ. (ಯಾವ ಕಡೆ ಮೇಲೆ ಎಂದು ಕೇಳಲು ನನಗೆ ಕೊನೆತನಕ ನಾಚಿಕೆ.) ಚಿತ್ರ ಮುಗಿಯಿತು ಎಂಬ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮಾರಿದ್ದನ್ನೂ ಬಿಡುತ್ತಿರಲಿಲ್ಲ. ಸಾರು ಇಳಿಸಿದ ಮೇಲೂ ಉಪ್ಪು ನೋಡುವ ನಾನು ಅವರಿಗೇನು ಬುದ್ಧಿ ಹೇಳಲಿ?

ಸರೋಜಾ ವೈನಿಯವರ ಮನೆಯ ಚಿತ್ರವಂತೂ ಅವರ ಜೀವ ತಿಂದಿತು. ವೈನಿ ಎಂದು ಕರೆದರೂ ಸ್ವಂತ ಅತ್ತಿಗೆಯಲ್ಲ; ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿಗಳ ಮನೆಯವರು. ಅವರು ಕೊಂಡ ಚಿತ್ರದ ಎಡ ಮೂಲೆಯಲ್ಲಿ ಒಂದಿಷ್ಟು ನೀಲಿ. "ಅದು ಒದರತೈತಿ" ಎನ್ನುತ್ತಿದ್ದರು ಅಜ್ಜ. ಅದರ ಬಾಯಿ ಮುಚ್ಚಿಸಬೇಕು. ವೈನಿಯವರು ಮುಟ್ಟಗೊಡರು.

ಸರಿ, ಚಹಾದ ನೆಪ. ನಾಲ್ಕು ಜನರೆದುರು ಬಾಯಿ ಬಿಡದ, ಹಳ್ಳಿ ಶಾಲೆಯಲ್ಲಿ ಕಲಿತ ನಾನು, "ವೈನಿ, ನಿಮ್ಮ ಅಡಗಿಮನಿ ತೋರಸ್ರಿ" ಎನ್ನಬೇಕು. ಅವರು ಒಳಗೆ ಬಂದರೆ ಅಜ್ಜನ ಬ್ರಷ್ ಜೇಬಿನಿಂದ ಹೊರಗೆ. (ಆ ಅಡುಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ, ಈಗಲೂ ಕೇಳಿ.)

ವಿಚಿತ್ರವೆಂದರೆ, ಮುಂದಿನ ಸಲ ಹೋದಾಗ ನೀಲಿ ಮತ್ತೆ ಹಾಜರ್!

"ಈ ಕ್ಯಾನ್ವಾಸ್ ಬಣ್ಣಾ ಕುಡಿತೈತಿ" ಎಂದರು ಅಜ್ಜ. ಬ್ರಷ್ ಬಿಟ್ಟು ಚಾಕು ಹಿಡಿದರು. ಬಣ್ಣ ದಪ್ಪವಾಯಿತು. ಅದೂ ಸಾಲದೆ ಮರಳು ಬೆರೆಸಿದರು. ಹೊಸ ಚಿತ್ರಗಳಿಗೆಲ್ಲ ಅದೇ ಮದ್ದು. ಪೇಪರಿನವರು 'ಪದರಗಳ ಮೌನ' ಎಂದೇನೋ ಬರೆದು ಹೊಗಳಿದರು. ಬಾಂದ್ರಾದ ನೀಲಿ ಮಾತ್ರ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೊನೆಗೆ ಅವರು ಹೇಳಿದ್ದೂ ದೇವರ ಹೆಸರಲ್ಲ. "ಆ ನೀಲಿ ಮುಚ್ಚು."

ಗಂಡನ ಕೊನೆಯ ಮಾತು. ಹೇಗೆ ಮೀರಲಿ? ಅಷ್ಟರಲ್ಲಿ ವೈನಿ ಚಿತ್ರಕ್ಕೆ ಗಾಜು ಹಾಕಿಸುವ ಸುದ್ದಿ ಬಂತು. ಇನ್ನು ತಡ ಮಾಡುವಂತಿರಲಿಲ್ಲ. ನಿಮ್ಮೆಲ್ಲರಿಗಿಂತ ಕಿರಿಯಳಾದ ಈಶಾಳನ್ನು ಕರೆದುಕೊಂಡು ಹೊರಟೆ. ಅಡುಗೆಮನೆ ಕೇಳುವ ಕೆಲಸ ಈ ಸಲ ಅವಳದು.

"ಸರೋಜಾ ಆಜಿ, ಆಪ್ ಕಾ... ನಿಮ್ದು ಕಿಚನ್ ತೋರಿಸ್ತೀರಾ, ಪ್ಲೀಸ್?"

ವೈನಿ ನಕ್ಕರು. ನಕ್ಕು ನಕ್ಕು ಸೋಫಾದ ಮೇಲೆ ಕುಸಿದರು.

"ಅಯ್ಯ, ಮೊಮ್ಮಗಳಿಗೂ ಕಲಿಸೀರೇನ್ರಿ? ನಮಗ ಗೊತ್ತಿರಲಿಲ್ಲಂತ ಮಾಡೀರೇನು? ನೀವು ಲಿಫ್ಟ್ ಇಳಿಯೂದ್ರಾಗ ನಾ ಅರಿವಿಗೆ ಚಿಮಣಿ ಎಣ್ಣಿ ಹಚ್ಚಿ ಒರಸ್ತಿದ್ದೆ. ಹಸಿ ಬಣ್ಣ, ಸಲೀಸ ಬರ್ತಿತ್ತು. ಮರಳು ಕಲಸಿದ ಮ್ಯಾಲೆ ಮಾತ್ರ ಚಮಚಾ ತಗೊಂಡು ಕೆರೀಬೇಕಾತು!"

"ಯಾಕ್ರಿ ವೈನಿ?"

"ನಾವು ಚಿತ್ರ ತಗೊಂಡಿದ್ದೇ ಆ ನೀಲಿ ಸಲುವಾಗಿ!"

ನಾನು ದಂಗಾದೆ. ಹಾಗಾದರೆ ಅಜ್ಜನ ಆ ಚಾಕು, ಆ ಮರಳು, ಆ ಪದರಗಳ ಮೌನ? ಎಲ್ಲ ಒಂದು ಸೀಮೆಎಣ್ಣೆ ಬಟ್ಟೆಯ ಪ್ರಸಾದವೇ?

ಅವರ ಕೊನೆಯ ಮಾತನ್ನು ಹೇಳಿದೆ. ವೈನಿಯವರ ನಗು ನಿಂತಿತು. ಎದ್ದು ಹೋಗಿ ಹಳೆಯ ಪೇಪರ್ ತಂದು ಚಿತ್ರದ ಕೆಳಗೆ ಹಾಸಿದರು.

"ಹಚ್ರಿ. ನೆಲಾ ಹೊಲಸಾಗಬಾರದು, ಅಷ್ಟ."

"ಒರಸ್ತೀರೇನು?"

"ಒರಸೂದಿಲ್ಲಂತ ಆಣಿ ಮಾಡಾಕ ಆಗೂದಿಲ್ರಿ ನನಗ."

ಬ್ರಷ್ ಹಿಡಿದು ಗೊತ್ತಿಲ್ಲ. ಬೆರಳಿನಿಂದಲೇ ಬಳಿದೆ, ಅಂಗಳ ಸಾರಿಸಿದ ಹಾಗೆ. ನೀಲಿ ಮುಚ್ಚಿತು. ಬಣ್ಣ ಹಸಿ ಇದೆಯಲ್ಲ, ಗಾಜಿನವನಿಗೆ ವೈನಿ ಫೋನ್ ಮಾಡಿ ಈಗ ಬೇಡ ಎಂದರು.

ವಾಪಸ್ ಬರುವಾಗ ಲೋಕಲ್‌ನಲ್ಲಿ ಈಶಾ ಕೇಳಿದಳು: "ಅಜ್ಜಿ, ಅವ್ರು ಫಿರ್ ಸೇ ಒರಸ್ತಾರಾ?"

ಮತ್ತೆ ಒರೆಸುತ್ತಾರೋ ಇಲ್ಲವೋ, ನನಗೇನು ಗೊತ್ತು? ಹೋಗಿ ನೋಡಬೇಕು. ಮುಂದಿನ ತಿಂಗಳು ವೈನಿ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುತ್ತಾರಂತೆ. ಅದನ್ನು ನೋಡದೆ ಇರಲಾದೀತೇ?