ಏರುತ್ತಿದ್ದ ಎಣ್ಣೆ, ಇಳಿಯುತ್ತಿದ್ದ ಮುಳ್ಳು

ಕೋವಿಡ್ ಮುಗಿದ ಮರುವರ್ಷದ ಬೇಸಿಗೆ. ಬಸ್ ಡಿಪೋದ ಕಾರ್ಯಾಗಾರದಿಂದ ನಿವೃತ್ತನಾಗಿ ರೋಣದಲ್ಲಿ ನನ್ನದೇ ಗ್ಯಾರೇಜು ನಡೆಸುತ್ತಿದ್ದೆ. ಒಂದು ದಿನ ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಚನ್ನಬಸಪ್ಪನವರು ಹಳೆಯ ಅಂಬಾಸಿಡರ್ ಕಾರೊಂದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂದರು. ಅದು ಅವರ ತಂದೆಯ ಗಾಡಿ.

ನಡೆದದ್ದನ್ನು ಅವರೇ ಹೇಳಿದರು. ಅವರ ತಮ್ಮ ಈರಣ್ಣ ತನ್ನ ಮಗಳ ನಿಶ್ಚಿತಾರ್ಥಕ್ಕೆಂದು ಕಾರನ್ನು ನರಗುಂದಕ್ಕೆ ಒಯ್ದಿದ್ದ. ಮರಳಿ ಬರುವಾಗ ಜಕ್ಕಲಿಯ ಹತ್ತಿರ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಯತ್ತ ಇಳಿಯಿತು. ಆತ ಅಲ್ಲೇ ಎಂಜಿನ್ ಬಂದ್ ಮಾಡಿ ಗಾಡಿಯನ್ನು ಎಳೆಸಿಕೊಂಡು ಊರು ಸೇರಿದ್ದ. ಊರಿನ ಮೆಕ್ಯಾನಿಕ್ ಮುಳ್ಳನ್ನಷ್ಟೇ ನೋಡಿ, ಬೇರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕು, ಬಿಡಿಭಾಗ ಸಿಗುವುದು ಕಷ್ಟ ಎಂದಿದ್ದ. ಅಂದರೆ ಕಾರು ಗುಜರಿಗೆ.

"ಹುಚ್ಚರಂಗ ಓಡಿಸಿ ಅಪ್ಪನ ಗಾಡಿ ಕೆಡಿಸ್ಯಾನ್ರಿ," ಎಂದರು ಚನ್ನಬಸಪ್ಪ. "ಅವನ ಮಗಳ ಮದುವಿಗೆ ನಾ ಬರೂದಿಲ್ಲ ಅಂತ ಹೇಳಿ ಬಂದೀನಿ."

ಮದುವೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಆ ಮನೆಯಲ್ಲಿ ಹಿರಿಯರೆಂದು ಇದ್ದವರು ಇವರೊಬ್ಬರೇ. ನಾನು ಆ ವಿಷಯಕ್ಕೆ ಹೋಗಲಿಲ್ಲ.

ಎಂಜಿನ್ನಿನ ತಳದಲ್ಲಿ ಸಂಪ್ ಎಂಬ ಎಣ್ಣೆಯ ತೊಟ್ಟಿ ಇರುತ್ತದೆ. ಅಲ್ಲಿಂದ ಪಂಪು ಎಣ್ಣೆಯನ್ನು ಎತ್ತಿ ಬೇರಿಂಗುಗಳ ಸಂದಿಗೆ ತಳ್ಳುತ್ತದೆ. ಒತ್ತಡ ಬಿದ್ದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಸುಟ್ಟುಹೋಗುತ್ತದೆ. ಆದರೆ ಒತ್ತಡ ಬೀಳಲು ಬೇರಿಂಗ್ ಸವೆಯುವುದೊಂದೇ ಕಾರಣವಲ್ಲ. ಡ್ಯಾಶ್‌ಬೋರ್ಡಿನ ಮುಳ್ಳೇ ಸುಳ್ಳು ಹೇಳಬಹುದು. ಹೀಗಾಗಿ ಮೊದಲು ಒತ್ತಡ ಅಳೆಯುವ ನನ್ನ ಗೇಜನ್ನು ನೇರವಾಗಿ ಎಂಜಿನ್ನಿಗೆ ಜೋಡಿಸಿ ಸ್ವಲ್ಪ ಹೊತ್ತು ಚಾಲೂ ಮಾಡಿದೆ. ತಣ್ಣಗಿದ್ದಾಗ ನಲವತ್ತು ಪೌಂಡ್ ತೋರಿಸಿತು. ಬಿಸಿಯಾಗುತ್ತಿದ್ದಂತೆ ಹತ್ತಕ್ಕಿಂತ ಕೆಳಗಿಳಿಯಿತು. ಕೂಡಲೇ ಬಂದ್ ಮಾಡಿದೆ. ಮುಳ್ಳು ಸುಳ್ಳಾಡಿರಲಿಲ್ಲ. ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವನ್ನೂ ಬಿಚ್ಚಿ ನೋಡಿದೆ. ಅದರ ಸ್ಪ್ರಿಂಗ್ ಸರಿಯಾಗಿತ್ತು.

ಆಮೇಲೆ ಎಣ್ಣೆಯ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದೆ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು.

"ಹೊಸಾ ಎಣ್ಣಿ ಯಾವಾಗ ಹಾಕಿಸೀರಿ, ಸಾವಕಾರ್ರ?"

"ಈ ವರ್ಷ ಹಾಕಿಸೇ ಇಲ್ರಿ. ನಮ್ಮ ಎಂಜಿನ್ ಎಣ್ಣಿ ತಿನ್ನೂದಿಲ್ಲ. ನೋಡಿದಾಗೊಮ್ಮೆ ಜಾಸ್ತಿನ ಇರತೈತಿ." ಅವರ ದನಿಯಲ್ಲಿ ಹೆಮ್ಮೆಯಿತ್ತು.

ಎಂಜಿನ್ನಿನಲ್ಲಿ ಎಣ್ಣೆ ತಾನಾಗಿ ಹುಟ್ಟುವುದಿಲ್ಲ. ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಪೆಟ್ರೋಲಿನ ವಾಸನೆ. ಈ ಕಾರಿನಲ್ಲಿ ಪೆಟ್ರೋಲನ್ನು ಎತ್ತಿ ಕೊಡುವ ಪಂಪು ಎಂಜಿನ್ನಿನ ಪಕ್ಕಕ್ಕೇ ಕೂತಿರುತ್ತದೆ. ಅದರೊಳಗೆ ಡಯಾಫ್ರಮ್ ಎಂಬ ತೆಳುವಾದ ಪೊರೆ. ಬಿಚ್ಚಿದಾಗ ಅದರಲ್ಲಿ ಉಗುರಿನಷ್ಟು ಸೀಳು ಕಂಡಿತು. ಗಾಡಿ ಓಡುವಷ್ಟು ಪೆಟ್ರೋಲ್ ಮೇಲೇರುತ್ತಿತ್ತು, ಉಳಿದದ್ದು ಸಂಪಿಗೆ ಇಳಿಯುತ್ತಿತ್ತು. ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಗೊತ್ತಾಗಿರಲಿಲ್ಲ. ನರಗುಂದದ ದೂರಕ್ಕೆ, ಬಿಸಿಲಿಗೆ, ಪೆಟ್ರೋಲ್ ಬೆರೆತು ನೀರಾದ ಆ ಎಣ್ಣೆಯ ಒತ್ತಡ ನಿಲ್ಲಲಿಲ್ಲ.

ಆದರೂ ಬೇರಿಂಗ್ ನೋಡದೆ ಮಾತು ಕೊಡುವಂತಿರಲಿಲ್ಲ. ಎಣ್ಣೆ ಬಸಿದು, ಸಂಪ್ ಇಳಿಸಿ, ಒಂದು ಬೇರಿಂಗಿನ ಮುಚ್ಚಳ ತೆಗೆದೆ. ಸಣ್ಣ ಗೀರುಗಳಿದ್ದವು. ಪೂರ್ತಿ ಸವೆದರೆ ಕಾಣುವ ಒಳಗಿನ ತಾಮ್ರದ ಪದರ ಮಾತ್ರ ಕಂಡಿರಲಿಲ್ಲ. ಎಂಜಿನ್ ಉಳಿದಿತ್ತು.

"ಎಣ್ಣಿ ಯಾವಾಗಿಂದ ಏರಾಕತ್ತಿತ್ರಿ?" ಎಂದು ಕೇಳಿದೆ.

ಅವರು ಯೋಚಿಸಿದರು. "ದೀಪಾವಳಿಯಿಂದ ಇರಬೇಕು." ತುಸು ತಡೆದು, "ಅಂದ್ರ ಈರಣ್ಣ ಒಯ್ಯೂಕಿಂತ ಮೊದಲ ಕೆಟ್ಟಿತ್ತೇನ್ರಿ?"

"ಹೌದ್ರಿ. ಅವರು ಜಕ್ಕಲಿ ಹತ್ರ ಬಂದ್ ಮಾಡಿದ್ದಕ್ಕ ಇದು ಉಳದೈತಿ. ಊರ ತನಕ ಓಡಿಸಿದ್ರ ಬೇರಿಂಗ್ ಇರತಿರಲಿಲ್ಲ."

ಚನ್ನಬಸಪ್ಪನವರು ಬಾಗಿಲಿನ ತನಕ ಹೋಗಿ ಮರಳಿ ಬಂದರು. "ರಿಪೇರಿ ಆತು ಅಂತಷ್ಟ ಅವಗ ಹೇಳ್ರಿ. ಇದೆಲ್ಲಾ ಯಾಕ?"

"ನಾನಾಗಿ ಹೇಳೂದಿಲ್ರಿ. ಕೇಳಿದ್ರ ಮಾತ್ರ ಇದ್ದದ್ದ ಹೇಳತೀನಿ."

ಹುಬ್ಬಳ್ಳಿಯಿಂದ ಹೊಸ ಡಯಾಫ್ರಮ್ ತರಿಸಿ ಹಾಕಿದೆ, ಹೊಸ ಎಣ್ಣೆ ತುಂಬಿದೆ. ಬಿಸಿಯಾದ ಎಂಜಿನ್ ನಿಧಾನಕ್ಕೆ ತಿರುಗುವಾಗ ಇಪ್ಪತ್ತು ಪೌಂಡ್, ವೇಗ ಕೊಟ್ಟರೆ ಐವತ್ತರ ಹತ್ತಿರ. ಸಾಕಿತ್ತು.

ಗಾಡಿ ಒಯ್ಯಲು ಚನ್ನಬಸಪ್ಪನವರು ಬಂದ ದಿನ ಹಿಂದೆಯೇ ಬೈಕಿನಲ್ಲಿ ಈರಣ್ಣನೂ ಬಂದ. ಅಣ್ಣ ಫೋನು ಮಾಡಿ ಬರಹೇಳಿದ್ದರಂತೆ. ಈರಣ್ಣ ದೂರವೇ ನಿಂತಿದ್ದ. ಚನ್ನಬಸಪ್ಪನವರು ಹರಿದ ಡಯಾಫ್ರಮನ್ನು ನನ್ನ ಮೇಜಿನಿಂದ ಎತ್ತಿ ತಮ್ಮನ ಕೈಗಿಟ್ಟರು.

"ದೀಪಾವಳಿಗೇ ಹರದಿತ್ತಂತ. ಎಣ್ಣಿ ಏರೂದು ನೋಡಿ ನಾನ ಖುಷಿಯಾಗಿದ್ದೆ. ನಿನಗ ಅನಬಾರದ್ದು ಅಂದೆ."

ಈರಣ್ಣ ಅದನ್ನು ಬೆಳಕಿಗೆ ಹಿಡಿದು ಸೀಳನ್ನು ನೋಡಿದ. ಅಣ್ಣ ಚಾಚಿದ ಕೀಲಿಯನ್ನು ತೆಗೆದುಕೊಳ್ಳದೆ, "ನೀನ ಓಡಸು. ನಾ ಬಾಜೂಕ ಕುಂತು ಮುಳ್ಳು ನೋಡತೀನಿ," ಎಂದ.

ಬೈಕನ್ನು ನನ್ನ ಗ್ಯಾರೇಜಿನಲ್ಲೇ ಬಿಟ್ಟು ಇಬ್ಬರೂ ಕಾರಿನಲ್ಲಿ ಹೋದರು.

ಕೆಟ್ಟ ಗಾಡಿ ತಂದವರು ಅದನ್ನು ಯಾರು ಓಡಿಸಿದರು ಎಂಬುದನ್ನೇ ಮೊದಲು ಹೇಳುತ್ತಾರೆ. ಮೆಕ್ಯಾನಿಕ್ ಕೇಳಬೇಕಾದದ್ದು ಯಾವಾಗಿನಿಂದ ಎಂದು. ಮೊದಲನೆಯದು ಮನುಷ್ಯನನ್ನು ಹಿಡಿದುಕೊಡುತ್ತದೆ, ಎರಡನೆಯದು ರೋಗವನ್ನು. ನಲವತ್ತು ವರ್ಷದ ಕೆಲಸದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಕಲಿತಿಲ್ಲ.